ಲೇಥ್‌ನಲ್ಲಿ ಕಡೆಸಿದ ಗುರುತ್ವ ಮಸೂರ

ಉಡುಪಿಯ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಬೆಳಕಿನ ಅಧ್ಯಾಯ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಗುರುತ್ವ ಮಸೂರ ಎಂದರೆ ಆಕಾಶದ ಭೂತಗನ್ನಡಿಯೇ?" ತನ್ನ ಹಿಂದಿನಿಂದ ಬರುವ ಬೆಳಕನ್ನು ಗುರುತ್ವದಿಂದ ಬಾಗಿಸುವ ನಕ್ಷತ್ರ, ಗೆಲಾಕ್ಸಿಯಂಥ ಭಾರವೇ ಗುರುತ್ವ ಮಸೂರ. ಹೌದು ಎಂದುಬಿಟ್ಟೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ಆ ಉತ್ತರ ಮನಸ್ಸನ್ನು ಕೊರೆಯತೊಡಗಿತು. ಭೂತಗನ್ನಡಿಯಲ್ಲಿ ಅಂಚಿಗೆ ಬಿದ್ದ ಕಿರಣ ಹೆಚ್ಚು ಬಾಗುತ್ತದೆ, ನಡುವಿನದು ನೇರ ಸಾಗುತ್ತದೆ; ಹಾಗಾಗಿ ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಗುರುತ್ವದ ನಡತೆ ಇದಕ್ಕೆ ತೀರ ವಿರುದ್ಧ. ಭಾರಕ್ಕೆ ಹತ್ತಿರವಾಗಿ ಹಾದ ಕಿರಣವೇ ಹೆಚ್ಚು ಬಾಗುತ್ತದೆ. ದೂರ ಇಮ್ಮಡಿಯಾದರೆ ಬಾಗು ಅರ್ಧಕ್ಕಿಳಿಯುತ್ತದೆ. ಅಂಥ ಮಸೂರಕ್ಕೆ ಸಂಗಮಬಿಂದುವೇ ಇಲ್ಲ.

ಮರುದಿನ ತರಗತಿಯಲ್ಲಿ ತಪ್ಪು ತಿದ್ದಿ ಹೇಳಿದೆ. ಆದರೆ ಬಾಯಿಮಾತು ಸಾಲದು, ಮಕ್ಕಳು ಕಣ್ಣಾರೆ ನೋಡಬೇಕು ಎನಿಸಿತು. ಆಕಾಶ ತೋರಿಸೋಣವೆಂದರೆ ಆಟಿ ತಿಂಗಳ ಮಳೆ. ಮೋಡವಿಲ್ಲದಿದ್ದರೂ ಬರಿಗಣ್ಣಿಗೆ ಸಿಗುವ ನೋಟವಲ್ಲ ಅದು. 1919ರ ಮೇ 29ರ ಪೂರ್ಣ ಸೂರ್ಯಗ್ರಹಣದ ವೇಳೆ ಆಫ್ರಿಕಾದ ಪ್ರಿನ್ಸಿಪೆ ದ್ವೀಪದಲ್ಲಿ ಬ್ರಿಟಿಷ್ ಖಗೋಳವಿಜ್ಞಾನಿ ಎಡಿಂಗ್ಟನ್ ಮತ್ತು ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಇನ್ನೊಂದು ತಂಡ ಅಳೆಯಲು ಹೊರಟದ್ದು ಸೂರ್ಯನ ಪಕ್ಕ ಹಾದು ಬರುವ ನಕ್ಷತ್ರದ ಬೆಳಕಿನ 1.75 ವಿಕಲೆಯ (ಆರ್ಕ್ ಸೆಕೆಂಡ್) ಬಾಗನ್ನು. ಒಂದು ರೂಪಾಯಿ ನಾಣ್ಯವನ್ನು ಸುಮಾರು ಎರಡೂವರೆ ಕಿಲೋಮೀಟರ್ ದೂರದಿಂದ ನೋಡಿದರೆ ಅದು ಎಷ್ಟು ಅಗಲ ಕಾಣುತ್ತದೋ ಅಷ್ಟು.

ಹಾಗಾಗಿ ಬೆಳಕನ್ನು ಗುರುತ್ವದಂತೆಯೇ ಬಾಗಿಸುವ ಒಂದು ತಟ್ಟೆಯನ್ನು ಮಾಡಿಸಲು ಹೊರಟೆ. ಒಂದು ಮೈ ಚಪ್ಪಟೆ. ಇನ್ನೊಂದು ಮೈ ಅಂಚಿನಲ್ಲಿ ತೆಳ್ಳಗೆ ಹರಡಿ, ನಡುವಿಗೆ ಬಂದಂತೆ ಕಡಿದಾಗಿ ಏರಬೇಕು. ಏರಿನ ಲೆಕ್ಕ ಲಾಗರಿದಮ್‌ನದು, ಆದರೆ ಅದನ್ನು ಸರಳವಾಗಿ ಹೀಗೆ ಹೇಳಬಹುದು: ನಡುವಿನಿಂದ ಇರುವ ದೂರ ಅರ್ಧವಾದಾಗಲೆಲ್ಲ ದಪ್ಪ ಅಷ್ಟಷ್ಟೇ ಹೆಚ್ಚಬೇಕು. ನಾನು ಆರಿಸಿಕೊಂಡದ್ದು ಒಂದು ಪುಟ್ಟ ಕಪ್ಪುರಂಧ್ರದ, ಅಂದರೆ ಬೆಳಕೂ ಹೊರಬಾರದಷ್ಟು ಒತ್ತಾದ ಭಾರದ ಅಳತೆ; ಅದಕ್ಕೆ ಆ ಹೆಚ್ಚಳ 5.7 ಮಿಲಿಮೀಟರ್. ಅಂಚು 7 ಸೆಂಟಿಮೀಟರ್ ತ್ರಿಜ್ಯದಲ್ಲಿ, 3.5ಕ್ಕೆ ಬಂದಾಗ ಒಂದು ಮೆಟ್ಟಿಲು, 1.75ಕ್ಕೆ ಎರಡನೆಯದು, ಹೀಗೆ ನಾಲ್ಕು ಮೆಟ್ಟಿಲು. 25 ಮಿಲಿಮೀಟರ್ ದಪ್ಪದ ಆಕ್ರಿಲಿಕ್ ಹಾಳೆಯೊಳಗೆ ಇಷ್ಟೂ ಹಿಡಿಸುತ್ತದೆ.

ಮಣಿಪಾಲದ ಕಡೆಯ ಲೇಥ್ ಅಂಗಡಿಯೊಂದಕ್ಕೆ ನಕ್ಷೆ ಹಿಡಿದುಕೊಂಡು ಹೋದೆ. ಅಲ್ಲಿನ ಹಿರಿಯರು ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಕಾಲುದೀಪದ ಬುಡವಲ್ಲವೇ ಮಾಷ್ಟ್ರೇ?" ಎಂದರು. ಆ ಆಕಾರಕ್ಕೆ ಅದಕ್ಕಿಂತ ಒಪ್ಪುವ ಹೋಲಿಕೆಯನ್ನು ನಾನು ಈವರೆಗೂ ಕೇಳಿಲ್ಲ. ಗ್ರಾಫ್ ಹಾಳೆಯಲ್ಲಿ ಮೂಲ ಅಳತೆಗೇ ಬರೆದ ಗೆರೆಯನ್ನು ಅಲ್ಯೂಮಿನಿಯಂ ತಗಡಿಗೆ ಅಂಟಿಸಿ ಕತ್ತರಿಸಿಕೊಟ್ಟೆ. ಅವರು ಸ್ವಲ್ಪ ಕಡೆಯುವುದು, ತಗಡನ್ನು ಮೇಲಿಟ್ಟು ಸಂದಿಯಲ್ಲಿ ಬೆಳಕು ತೂರುತ್ತದೆಯೇ ಎಂದು ನೋಡುವುದು, ಮತ್ತೆ ಕಡೆಯುವುದು. ಆಕ್ರಿಲಿಕ್ ಕಬ್ಬಿಣದಂತಲ್ಲ, ವೇಗ ಹೆಚ್ಚಾದರೆ ಕರಗಿ ಉಳಿಗೇ ಅಂಟುತ್ತದೆ. ನಿಧಾನವಾಗಿ, ನೀರು ಬಿಡುತ್ತ ಕಡೆದರು. ಆ ಕೈಚಳಕವಿಲ್ಲದಿದ್ದರೆ ನನ್ನ ಲೆಕ್ಕ ಕಾಗದದಲ್ಲೇ ಉಳಿಯುತ್ತಿತ್ತು.

ಹೊಳಪು ಕೊಡುವ ಕೆಲಸ ನನ್ನದು. 400ರಿಂದ 2000ದವರೆಗಿನ ವಾಟರ್ ಪೇಪರ್, ಕೊನೆಗೆ ಹಿತ್ತಾಳೆ ಪಾತ್ರೆ ಬೆಳಗುವ ಬ್ರಾಸೊ. ಒಂದು ವಾರ ಹಿಡಿಯಿತು. ಹೊಳಪು ಬಂದ ಮೊದಲ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿದೆ. ನೋಡನೋಡುತ್ತಿದ್ದಂತೆ ಜೇಡರ ಬಲೆಯಂಥ ಬಿರುಕುಗಳು ಮೈತುಂಬ ಹರಡಿದವು. ಕಡೆದ ಆಕ್ರಿಲಿಕ್‌ಗೆ ಸ್ಪಿರಿಟ್, ಥಿನ್ನರ್ ತಾಗಿಸಲೇಬಾರದು, ಸಾಬೂನು ನೀರು ಸಾಕು. ಎರಡನೆಯ ತಟ್ಟೆ ಉಳಿಯಿತು. ಅದರ ತುದಿಯ ಚಪ್ಪಟೆ ಭಾಗವನ್ನು ಮುಚ್ಚಲು ಮನೆಯವಳ ಕಪ್ಪು ಸ್ಟಿಕ್ಕರ್ ಬೊಟ್ಟೊಂದನ್ನು ಅಂಟಿಸಿದೆ. ಕಪ್ಪುರಂಧ್ರಕ್ಕೆ ಅದು ಸರಿಹೊಂದಿತು.

ದೀಪಾವಳಿ ಬಂದಿತ್ತು. ಎದುರು ಮನೆಯ ಜಗಲಿಯಲ್ಲಿ ಗೂಡುದೀಪ. ಒಂದು ಕಣ್ಣು ಮುಚ್ಚಿ, ತಟ್ಟೆಯನ್ನು ಕೈಯಳತೆಯಲ್ಲಿ ಹಿಡಿದು ಸರಿಸುತ್ತ ಬಂದೆ. ದೀಪ ಮೊದಲು ಎರಡಾಯಿತು, ಬೊಟ್ಟಿನ ಆಚೆಗೊಂದು, ಈಚೆಗೊಂದು. ಎರಡೂ ಬಾಗಿ ಕಮಾನಾದವು. ದೀಪ, ಬೊಟ್ಟು, ಕಣ್ಣು ಒಂದೇ ಸಾಲಿಗೆ ಬಂದ ಗಳಿಗೆಯಲ್ಲಿ ಕಮಾನುಗಳು ಕೂಡಿ ಇಡೀ ಉಂಗುರ! 1936ರಲ್ಲಿ ಐನ್‌ಸ್ಟೈನ್ ಈ ಉಂಗುರದ ಲೆಕ್ಕ ಬರೆದು, ನಕ್ಷತ್ರಗಳ ವಿಷಯದಲ್ಲಿ ಇದನ್ನು ನೇರವಾಗಿ ನೋಡುವ ಭರವಸೆಯಿಲ್ಲ ಎಂದಿದ್ದರು. ನಾನು ಆ ರಾತ್ರಿ ಎಷ್ಟು ಹೊತ್ತು ಜಗಲಿಯಲ್ಲಿ ನಿಂತಿದ್ದೆನೋ ಲೆಕ್ಕವಿಲ್ಲ.

ತರಗತಿಯಲ್ಲಿ ನನಗೆ ಹೆಚ್ಚು ಬೇಕಿದ್ದದ್ದು ಮುಂದಿನ ಪ್ರಯೋಗ. ಕಣ್ಣಿನಿಂದ 3 ಮೀಟರ್ ದೂರದಲ್ಲಿ ಸಣ್ಣ ಬಲ್ಬು, ಅರ್ಧ ಮೀಟರಿನಲ್ಲಿ ತಟ್ಟೆ. ಕಂಡ ಉಂಗುರದ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ ಅಳೆದಾಗ ವ್ಯಾಸ 8 ಸೆಂಟಿಮೀಟರ್. ಉಂಗುರದ ಅಳತೆ ಮತ್ತು ದೂರಗಳಿಂದ ಮಸೂರದ ರಾಶಿಯನ್ನು ತೆಗೆಯಬಹುದು. ಮಕ್ಕಳಿಗೆ ಬಂದ ಉತ್ತರ: 1.9 ಮಿಲಿಮೀಟರ್ ತ್ರಿಜ್ಯದ ಕಪ್ಪುರಂಧ್ರ. ನಾನು ಕಡೆಸಿದ್ದು 2 ಮಿಲಿಮೀಟರಿಗೆ. ಭೂಮಿಯನ್ನು ಹಿಂಡಿ ಕಪ್ಪುರಂಧ್ರವಾಗಿಸಿದರೆ ತ್ರಿಜ್ಯ ಸುಮಾರು 9 ಮಿಲಿಮೀಟರ್. ಕಪ್ಪುರಂಧ್ರದ ತ್ರಿಜ್ಯ ಅದರ ರಾಶಿಗೆ ತಕ್ಕಷ್ಟೇ ಇರುತ್ತದೆ. ಅಂದರೆ ನಮ್ಮ ತಟ್ಟೆ ಬೆಳಕನ್ನು ಬಾಗಿಸುತ್ತಿದ್ದದ್ದು ಸುಮಾರು ಎರಡು ಮಂಗಳ ಗ್ರಹಗಳ ರಾಶಿಯಷ್ಟು. ಮುಟ್ಟದೆ, ತಕ್ಕಡಿಗೆ ಹಾಕದೆ ತೂಗಿದೆವು.

ಖಗೋಳಶಾಸ್ತ್ರದಲ್ಲಿ ಗುರುತ್ವ ಮಸೂರದ ದೊಡ್ಡ ಕೆಲಸ ಇದೇ ಎಂದು ನಾನು ನಂಬುತ್ತೇನೆ. ಗೆಲಾಕ್ಸಿಗಳನ್ನು ಹೀಗೆ ತೂಗಬಹುದೆಂದು ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ 1937ರಲ್ಲೇ ಹೇಳಿದ್ದರು. 2006ರಲ್ಲಿ ಬುಲೆಟ್ ಕ್ಲಸ್ಟರ್ ಎಂಬಲ್ಲಿ, ಡಿಕ್ಕಿ ಹೊಡೆದ ಎರಡು ಗೆಲಾಕ್ಸಿ ಗುಂಪುಗಳನ್ನು ಹೀಗೆ ತೂಗಿದರು. ಸಾಮಾನ್ಯ ದ್ರವ್ಯದ ಬಹುಪಾಲಾದ ಬಿಸಿ ಅನಿಲ ನಡುವೆ ಸಿಕ್ಕಿಬಿದ್ದಿರುವುದನ್ನು ಚಂದ್ರಶೇಖರ್ ಅವರ ಹೆಸರಿನ ಚಂದ್ರ ಎಕ್ಸ್‌ರೇ ದೂರದರ್ಶಕ ತೋರಿಸಿತು. ಆದರೆ ಬೆಳಕನ್ನು ಬಾಗಿಸುತ್ತಿದ್ದ ಭಾರ ಆಚೀಚೆ ಮುಂದೆ ಸಾಗಿಹೋಗಿತ್ತು. ಕಾಣದ ಆ ದ್ರವ್ಯಕ್ಕೆ (ಡಾರ್ಕ್ ಮ್ಯಾಟರ್) ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ತರಗತಿಯಲ್ಲಿ ಕೊಡಲಾರೆ.

ಹಿಗ್ಗಿಸಿ ತೋರಿಸುವ ಕೆಲಸವೂ ಉಂಟು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕಕ್ಕೆ 880 ಕೋಟಿ ವರ್ಷ ಹಿಂದೆ ಹೊರಟ ಹೈಡ್ರೋಜನ್ ಸಂಕೇತವೊಂದು ಸಿಕ್ಕಿದ ಸುದ್ದಿ 2023ರ ಜನವರಿಯಲ್ಲಿ ಬಂತು. ನಡುವಿನ ಗೆಲಾಕ್ಸಿ ಅದನ್ನು ಸುಮಾರು 30 ಪಟ್ಟು ಹಿಗ್ಗಿಸಿದ್ದರಿಂದಲೇ ಅದು ಸಿಕ್ಕಿತು. ಸಂಶೋಧಕರಲ್ಲೊಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರುಪಮ್ ರಾಯ್.

ತಟ್ಟೆಯಲ್ಲಿ ತೋರಿಸಲಾಗದ್ದು ಕಾಲದ ವ್ಯತ್ಯಾಸ: ಮಸೂರದ ಎರಡು ಬದಿಯಿಂದ ಬರುವ ಬೆಳಕು ಒಟ್ಟಿಗೆ ತಲಪುವುದಿಲ್ಲ. ಅದಕ್ಕೆ ಬಸ್ಸನ್ನು ಕರೆತಂದೆ. ಉಡುಪಿಯಿಂದ ಒಂದೇ ಹೊತ್ತಿಗೆ ಹೊರಟ ಎರಡು ಬಸ್ಸುಗಳಲ್ಲಿ ಒಂದು ಪಡುಬಿದ್ರಿ ದಾರಿಯಾಗಿ, ಇನ್ನೊಂದು ಕಾರ್ಕಳ, ಮೂಡುಬಿದಿರೆ ಸುತ್ತಿ ಮಂಗಳೂರಿನ ಜ್ಯೋತಿ ಸರ್ಕಲ್‌ಗೆ ಬಂದರೆ ಒಟ್ಟಿಗೆ ತಲಪುವುದಿಲ್ಲ. ಕ್ವೇಸಾರ್ ಎಂದರೆ ಬಹುದೂರದ ಗೆಲಾಕ್ಸಿಯ ಅತಿ ಪ್ರಖರ ನಡುಭಾಗ. 1979ರಲ್ಲಿ ಸಿಕ್ಕ, ಒಂದೇ ಎರಡಾಗಿ ಕಾಣುವ ಅವಳಿ ಕ್ವೇಸಾರ್‌ನ ಒಂದು ಬಿಂಬದಲ್ಲಿ ಕಂಡ ಮಿನುಗು ಇನ್ನೊಂದರಲ್ಲಿ ಕಾಣುವುದು ಸುಮಾರು 417 ದಿನಗಳ ನಂತರ. ಈ ತಡದಿಂದ ವಿಶ್ವ ಹಿಗ್ಗುವ ವೇಗ ಅಳೆಯಬಹುದೆಂದು ನಾರ್ವೆಯ ವಿಜ್ಞಾನಿ ರೆಫ್ಸ್‌ಡಾಲ್ 1964ರಲ್ಲಿ ತೋರಿಸಿದ್ದರು.

ಡಿಸೆಂಬರಿನಲ್ಲಿ ಮಕ್ಕಳನ್ನು ಮಲ್ಪೆ ಕಡಲತೀರಕ್ಕೆ ಕರೆದೊಯ್ದೆ. ಕತ್ತಲಾದ ಮೇಲೆ ಮೀನುಗಾರಿಕೆ ದೋಣಿಗಳ ದೀಪಗಳು ದಿಗಂತದಲ್ಲಿ ಸಾಲುಗಟ್ಟಿದವು. ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಭೂತಗನ್ನಡಿಯ ಪ್ರಶ್ನೆ ಕೇಳಿದ್ದ ಹುಡುಗಿ ಒಮ್ಮೆಲೇ ಕೂಗಿದಳು: "ಸರ್, ಉಂಗುರ ಒಡೆಯಿತು, ನಾಲ್ಕಾಯಿತು!" ಅವಳು ತಟ್ಟೆಯನ್ನು ತುಸು ವಾರೆ ಹಿಡಿದಿದ್ದಳು. ದುಂಡಗಿನ ಮಸೂರ ಕಣ್ಣಿಗೆ ಉದ್ದುದ್ದವಾದ ಗೆಲಾಕ್ಸಿಯಂತಾಗಿತ್ತು. 1985ರಲ್ಲಿ ಸಿಕ್ಕ ಐನ್‌ಸ್ಟೈನ್ ಶಿಲುಬೆಯಲ್ಲಿ ಒಂದೇ ಕ್ವೇಸಾರ್ ನಾಲ್ಕಾಗಿ ಕಾಣುವುದೂ ಇದೇ ಕಾರಣಕ್ಕೆ. ನಾನು ಹೇಳಿಕೊಟ್ಟಿರಲಿಲ್ಲ. ತಟ್ಟೆ ಇಸಿದುಕೊಂಡು ವಾರೆ ಹಿಡಿದೆ. ಒಂದೇ ದೋಣಿಯ ದೀಪ ಬೊಟ್ಟಿನ ನಾಲ್ಕೂ ಕಡೆ ಉರಿಯುತ್ತಿತ್ತು.