ದಬ್ಬಾಳಿಕೆ ಸರ್ಕಾರದ ಮೇಲೆ ಸೇನೆ ನುಗ್ಗಿಸೋದು ಸರಿನಾ? ಹೀಗೆ ತೂಗಿ ನೋಡಿ

ಯಾವುದೋ ದೇಶದಲ್ಲಿ ಸರ್ವಾಧಿಕಾರಿ ಜನರನ್ನ ಕೊಲ್ತಿದಾನೆ ಅಂತ ನ್ಯೂಸ್ ಬಂದ ತಕ್ಷಣ ಕೆಲವರು ಸೇನೆ ಕಳ್ಸಿ ಮುಗಿಸ್ಬಿಡಿ ಅಂತಾರೆ, ಇನ್ನು ಕೆಲವರು ಯುದ್ಧ ಯಾವತ್ತಿದ್ರೂ ತಪ್ಪೇ ಅಂತಾರೆ. ಎರಡಕ್ಕೂ ತಲೆ ಆಡಿಸೋ ಮುಂಚೆ ಒಂದಷ್ಟು ಪ್ರಶ್ನೆ ಕೇಳಿ.

ಮೊದಲು ನೋಡ್ಬೇಕಾದ್ದು ಟೈಮ್. ಆಳೋನು ಕ್ರೂರಿ ಅನ್ನೋದೊಂದೇ ಸಾಕಾಗಲ್ಲ, ಸಾಮೂಹಿಕ ಕೊಲೆ ಈಗ ನಡೀತಿದ್ಯಾ, ಇಲ್ಲಾ ಇನ್ನೇನು ಶುರುವಾಗೋ ಹಾಗಿದ್ಯಾ? 1988ರ ಮಾರ್ಚಲ್ಲಿ ಇರಾಕ್‌ನ ಸರ್ವಾಧಿಕಾರಿ ಸದ್ದಾಂ ಹುಸೇನ್ ಪಡೆ ಆ ದೇಶದ್ದೇ ಅಲ್ಪಸಂಖ್ಯಾತರಾದ ಕುರ್ದರ ಹಲಬ್ಜಾ ಅನ್ನೋ ಊರಿನ ಮೇಲೆ ವಿಷಾನಿಲದ ಬಾಂಬ್ ಹಾಕಿ ಸಾವಿರಾರು ಜನರನ್ನ ಕೊಂದಾಗ ಕಾಪಾಡೋಕೆ ಯಾರೂ ಸೇನೆ ಕಳಿಸ್ಲಿಲ್ಲ. 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿದಾಗ ಆ ಮಟ್ಟದ ಕೊಲೆ ನಡೀತಿರ್ಲಿಲ್ಲ, ಕಾರಣ ಅಂತ ಕೊಟ್ಟಿದ್ದ ವಿನಾಶಕಾರಿ ಅಸ್ತ್ರಗಳೂ ಸಿಗ್ಲಿಲ್ಲ. ಹಳೇ ಪಾಪಕ್ಕೆ ಕೋರ್ಟ್ ಬೇಕು, ಬಾಂಬ್ ಅಲ್ಲ ಅನ್ನೋದು ನನ್ನ ಗಟ್ಟಿ ನಂಬಿಕೆ.

ಹಾಗಂತ ಸುಮ್ನೆ ಕೂರೋದಕ್ಕೂ ಬೆಲೆ ತೆರಬೇಕಾಗುತ್ತೆ. 1994ರ ಏಪ್ರಿಲಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಜನಾಂಗದವರ ಹತ್ಯಾಕಾಂಡ ಶುರುವಾಗಿ ಎರಡು ವಾರ ಆಗಿತ್ತಷ್ಟೇ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಲ್ಲಿದ್ದ ಶಾಂತಿಪಡೇನ ಸುಮಾರು 270 ಜನಕ್ಕೆ ಇಳಿಸೋ ತೀರ್ಮಾನ ತಗೊಂಡ್ತು, ನೂರು ದಿನದಲ್ಲಿ ಸತ್ತೋರು ಸುಮಾರು 8 ಲಕ್ಷ.

ಆಮೇಲೆ ಕಾನೂನು. ವಿಶ್ವಸಂಸ್ಥೆಯ ಸನ್ನದಿನ ಪ್ರಕಾರ ಆತ್ಮರಕ್ಷಣೆ ಬಿಟ್ರೆ ಭದ್ರತಾ ಮಂಡಳಿ ಒಪ್ಪಿಗೆ ಬೇಕೇ ಬೇಕು. ಆದ್ರೆ ಮಂಡಳಿಯ ಐದು ಕಾಯಂ ದೇಶಗಳಲ್ಲಿ ಒಂದು ವೀಟೋ ಹಾಕಿ ಬೇಡ ಅಂದ್ರೆ ಕಥೆ ಮುಗೀತು, 1999ರಲ್ಲಿ ಅಮೆರಿಕ-ಯುರೋಪ್ ದೇಶಗಳ ಸೇನಾ ಕೂಟ ನೇಟೋ, ಸರ್ಬಿಯಾದ ಕೊಸೊವೋ ಪ್ರಾಂತ್ಯದ ಅಲ್ಬೇನಿಯನ್ನರ ಮೇಲಿನ ದಬ್ಬಾಳಿಕೆ ನಿಲ್ಲಿಸೋಕೆ ಅಂತ 78 ದಿನ ಬಾಂಬ್ ಹಾಕಿದ್ದೂ ಒಪ್ಪಿಗೆ ಇಲ್ಲದೇನೇ. ಒಪ್ಪಿಗೆ ಇಲ್ಲ ಅಂದ್ಮೇಲೆ ಪುರಾವೆ ಇನ್ನೂ ಗಟ್ಟಿಯಾಗಿ ಕೇಳಿ, ಯಾಕಂದ್ರೆ ಆಕ್ರಮಣ ಮಾಡೋ ಪ್ರತಿಯೊಬ್ಬನೂ ಜನರನ್ನ ಕಾಪಾಡೋಕೆ ಬಂದಿದೀನಿ ಅಂತಾನೇ ಹೇಳೋದು.

ನುಗ್ಗೋರಿಗೆ ಸ್ವಾರ್ಥ ಇದೆ ಅಂತ ಗೊತ್ತಾದ ಕೂಡ್ಲೇ ತಳ್ಳಿಹಾಕ್ಬೇಡಿ. 1971ರಲ್ಲಿ ಸುಮಾರು ಒಂದು ಕೋಟಿ ನಿರಾಶ್ರಿತರ ಹೊರೆ ಭಾರತದ ಮೇಲಿತ್ತು, ಪಾಕಿಸ್ತಾನ ದುರ್ಬಲ ಆದ್ರೆ ಲಾಭಾನೂ ಇತ್ತು, ಆದ್ರೂ ಪೂರ್ವ ಬಂಗಾಳದಲ್ಲಿ (ಈಗಿನ ಬಾಂಗ್ಲಾದೇಶ) ಪಾಕಿಸ್ತಾನದ ಸೇನೆ ಮಾಡ್ತಿದ್ದ ಕಗ್ಗೊಲೆ ನಿಂತಿದ್ದು ಆ ಯುದ್ಧದಿಂದಾನೇ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಯೋಚ್ನೆ ಮಾಡ್ಬೇಕಾದ್ದು ಸರ್ಕಾರ ಬಿದ್ದ ಮಾರನೇ ದಿನದ ಬಗ್ಗೆ. ಬಾಂಗ್ಲಾದಲ್ಲಿ 1970ರ ಚುನಾವಣೆ ಗೆದ್ದ ಅವಾಮಿ ಲೀಗ್ ಪಕ್ಷ ಇತ್ತು, ಸ್ವಾತಂತ್ರ್ಯಕ್ಕೆ ಹೋರಾಡ್ತಿದ್ದ ಬಂಗಾಳಿಗಳ ಮುಕ್ತಿವಾಹಿನಿ ಪಡೆ ಇತ್ತು, ಭಾರತದ ಸೇನೆ 1972ರ ಮಾರ್ಚಲ್ಲಿ ವಾಪಸ್ ಬಂತು. ಇರಾಕಲ್ಲಿ ಅಮೆರಿಕದ ಆಡಳಿತ 2003ರ ಮೇನಲ್ಲಿ ಇಡೀ ಸೇನೇನೇ ವಿಸರ್ಜನೆ ಮಾಡ್ತು, ಬಂದೂಕು ಗೊತ್ತಿರೋ ಲಕ್ಷಾಂತರ ಗಂಡಸರು ಸಂಬಳ ಇಲ್ಲದೆ ಬೀದಿಗೆ ಬಿದ್ರು, ಎಷ್ಟೋ ಜನ ಬಂಡುಕೋರರ ಜೊತೆ ಸೇರಿದ್ರು. ಲಿಬಿಯಾದಲ್ಲಿ 2011ರಲ್ಲಿ ನಾಗರಿಕರ ರಕ್ಷಣೆಗೆ ಅಂತ ಮಂಡಳಿ ಒಪ್ಪಿಗೆ ಕೊಟ್ಟಿತ್ತು, ಅದು ಅಲ್ಲಿನ ಸರ್ವಾಧಿಕಾರಿ ಗಡಾಫಿನ ಇಳಿಸೋ ಯುದ್ಧ ಆಗೋಯ್ತು, ಅವನು ಸತ್ತ ಮೇಲೆ ದೇಶ ಸಶಸ್ತ್ರ ಗುಂಪುಗಳ ಕೈಗೆ ಹೋಯ್ತು. ಪೊಲೀಸ್, ಕರೆಂಟ್, ಸಂಬಳ ಯಾರು ನೋಡ್ಕೋತಾರೆ ಅಂತ ಕೇಳಿ, ಉತ್ತರ ತಡವರಿಸಿದ್ರೆ ಒಪ್ಬೇಡಿ.

ಕೊನೇದಾಗಿ, ಬಾಂಬ್ ಬೀಳೋದು ಯಾರ ತಲೆ ಮೇಲೋ ಅವರ ಮಾತು ಕೇಳಿ. ವಿದೇಶದಲ್ಲಿ ಕೂತ ವಿರೋಧಿ ನಾಯಕರ ಹೇಳಿಕೆ ಮಾತ್ರ ಓದ್ಬೇಡಿ, ಒಳಗೇ ಇದ್ದು ಪ್ರತಿಭಟನೆ ಮಾಡ್ತಿರೋರು, ಜೈಲಲ್ಲಿರೋರ ಮನೆಯವರು ಏನಂತಿದಾರೆ ಹುಡುಕಿ. ಅವರಲ್ಲೇ ಒಡಕಿದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.