ಕುಸ್ವಾರ್ ತಟ್ಟೆಗೆ ಪೆರಾಡ್, ಕಾಯಿ ಮಿಠಾಯಿ, ಮಾರ್ಜಿಪಾನ್: ಹದ ತಪ್ಪದಂತೆ ಮಾಡುವ ಬಗೆ

ಡಿಸೆಂಬರ್ ಬಂತೆಂದರೆ ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಕೆಲಸ ಶುರುವಾಗುತ್ತದೆ. ಕ್ರಿಸ್‌ಮಸ್‌ಗೆ ನೆರೆಹೊರೆಗೆ ಹಂಚುವ ತಟ್ಟೆಯ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ ಎಣ್ಣೆಯಲ್ಲಿ ಕರಿದು ಮಾಡುವಂಥವು. ಅವನ್ನು ಮಾಡಲು ಕೈ ಪಳಗಿದವರೂ ಸಕ್ಕರೆಯ ತಿಂಡಿಗಳಿಗೆ ಹಿಂಜರಿಯುತ್ತಾರೆ. ಪೇರಳೆಯ ಪೆರಾಡ್, ತೆಂಗಿನಕಾಯಿ ಮಿಠಾಯಿ, ಗೋಡಂಬಿಯ ಮಾರ್ಜಿಪಾನ್, ಈ ಮೂರೂ ಕೆಡುವುದು ಹದ ಗೊತ್ತಾಗದೆ. ‘20 ನಿಮಿಷ ಮಗುಚಿ’ ಎಂದು ಬರೆದಿಟ್ಟದ್ದನ್ನು ನಂಬಿದರೆ ಇವು ಕೈಗೆ ಹತ್ತುವುದಿಲ್ಲ. ಒಲೆಯ ಉರಿ, ಬಾಣಲೆಯ ಅಗಲ, ಹಣ್ಣಿನಲ್ಲಿರುವ ನೀರು ಮನೆಯಿಂದ ಮನೆಗೆ ಬೇರೆ. ಗಡಿಯಾರ ಬಿಟ್ಟು ಗುರುತು ಹಿಡಿಯಬೇಕು, ತೂಕ ಹಾಕಬೇಕು.

ಥರ್ಮಾಮೀಟರ್ ಕೊಂಡವರಿಗೆ ಮೊದಲೇ ಒಂದು ಮಾತು. ಸಕ್ಕರೆ ಪಾಕದ ಡಿಗ್ರಿಗಳನ್ನು ಪುಸ್ತಕಗಳಲ್ಲಿ ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ. ಮಂಗಳೂರಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಲ್ಲಿ 97ರ ಆಸುಪಾಸಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಮಂಗಳೂರಿನ ಅಳತೆಯಲ್ಲಿ 114 ಡಿಗ್ರಿಗೆ ಇಳಿಸಬೇಕಾದ ಪಾಕವನ್ನು ಬೆಂಗಳೂರಲ್ಲಿ 111ಕ್ಕೇ ಇಳಿಸಬೇಕು. 114ರವರೆಗೆ ಬಿಟ್ಟರೆ ಮಿಠಾಯಿ ಕಲ್ಲಾಗುತ್ತದೆ. ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆಯಿರಿ. ಎಳೆಪಾಕ, ಉಂಡೆಪಾಕ ನೋಡುವ ಹಳೆಯ ಕ್ರಮಕ್ಕೆ ಈ ಲೆಕ್ಕ ಬೇಡ, ಏಕೆಂದರೆ ಬೆರಳು ನೋಡುವುದು ಬಿಸಿಯನ್ನಲ್ಲ, ಪಾಕದಲ್ಲಿ ಉಳಿದಿರುವ ನೀರನ್ನು. ಘಟ್ಟದ ಮೇಲೂ ಕೆಳಗೂ ಅದು ಒಂದೇ.

ಪೆರಾಡ್

ಪೋರ್ಚುಗೀಸರು ಕ್ವಿನ್ಸ್ ಹಣ್ಣನ್ನು ಸಕ್ಕರೆಯೊಂದಿಗೆ ಗಟ್ಟಿಯಾಗಿ ಕಾಯಿಸಿ ಮಾರ್ಮೆಲಾಡ ಮಾಡುತ್ತಾರೆ. ಕರಾವಳಿಯಲ್ಲಿ ಆ ಜಾಗಕ್ಕೆ ಬಂದದ್ದು ಅಮೆರಿಕ ಖಂಡದಿಂದ ಬಂದಿಳಿದ ಪೇರಳೆ. ಕೊಂಕಣಿಯಲ್ಲಿ ಅದು ಪೇರ್, ಮೈಸೂರು ಕಡೆ ಸೀಬೆ, ಉತ್ತರ ಕರ್ನಾಟಕದಲ್ಲಿ ಪೇರಲ. ಇಂಗ್ಲಿಷ್ ಬಲ್ಲವರು ಪೆರಾಡನ್ನು ‘ಗ್ವಾವಾ ಚೀಸ್’ ಎಂದರೂ ಅದರಲ್ಲಿ ಚೀಸ್ ಇಲ್ಲ.

ಹಣ್ಣು 1 ಕಿಲೊ ಬೇಕು. ಅದರಲ್ಲಿ 700 ಗ್ರಾಂ ಘಮಘಮಿಸುವ ಕಳಿತ ಹಣ್ಣಿರಲಿ, 300 ಗ್ರಾಂ ದೋರೆಗಾಯಿ. ಪೆರಾಡನ್ನು ಗಟ್ಟಿಮಾಡುವ ಪೆಕ್ಟಿನ್ ದೋರೆಗಾಯಿಯಲ್ಲಿ ಹೆಚ್ಚು, ಪರಿಮಳ ಹಣ್ಣಿನಲ್ಲಿ ಹೆಚ್ಚು. ಬರೀ ಕಳಿತ ಹಣ್ಣಿನಲ್ಲಿ ಮಾಡಿದ್ದು ಎಷ್ಟು ಕಾಯಿಸಿದರೂ ಜಾಮಿನಂತೆ ಮೆದುವಾಗಿ ಉಳಿಯುತ್ತದೆ. ಅಲಹಾಬಾದ್ ಸಫೇದದಂಥ ಬಿಳಿ ತಿರುಳಿನ ತಳಿಗೆ ಪರಿಮಳ ಚೆನ್ನಾಗಿದೆ, ಆದರೆ ಪೆರಾಡಿನ ಬಣ್ಣ ಕಂದು. ಕೆಂಪು ತಿರುಳಿನ ಅರ್ಕಾ ಕಿರಣದಂಥ ತಳಿ ಸಿಕ್ಕರೆ ಬಣ್ಣ ಬೆರೆಸುವ ಅಗತ್ಯವೇ ಬೀಳದು. ಕಚಕಚ ಅನ್ನುವ ದಪ್ಪ ಥಾಯ್ ಪೇರಳೆ ಉಪ್ಪುಖಾರ ಹಚ್ಚಿ ತಿನ್ನಲು ಸರಿ, ಈ ಕೆಲಸಕ್ಕೆ ಬೇಡ.

ಹಣ್ಣು ತೊಳೆದು ತುದಿ ತೊಟ್ಟು ತೆಗೆದು ನಾಲ್ಕು ಹೋಳು ಮಾಡಿ. ಸಿಪ್ಪೆ ಸುಲಿಯಬೇಡಿ. 200 ಮಿ.ಲೀ. ನೀರು ಹಾಕಿ ಕುಕ್ಕರಿನಲ್ಲಿ ಒಂದು ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ ಬೇಯಿಸಿ. ಆರಿದ ಮೇಲೆ ಸ್ಟೀಲ್ ಜರಡಿಯಲ್ಲಿ ಸೌಟಿನ ಬೆನ್ನಿಂದ ತಿಕ್ಕಿ ಸೋಸಿ. ಮಿಕ್ಸಿಗೆ ಹಾಕುವ ಆಸೆ ಬರುತ್ತದೆ, ಬೇಡ. ಬೀಜ ಒಡೆದು ಮರಳಿನಂತೆ ಸೇರಿಕೊಂಡರೆ ಮತ್ತೆ ತೆಗೆಯಲಾಗದು. ಬೀಜದ ಸುತ್ತ ಅಂಟಿದ ಲೋಳೆ ಪೂರ್ತಿ ಬರುವ ತನಕ ತಿಕ್ಕಿ, ರುಚಿಯೂ ಪೆಕ್ಟಿನ್ನೂ ಅದರಲ್ಲಿ ಬೇಕಾದಷ್ಟಿದೆ. ಸುಮಾರು 750 ಗ್ರಾಂ ತಿರುಳು ಸಿಗುತ್ತದೆ. ತೂಕ ಹಾಕಿ, ಅದರ ಮುಕ್ಕಾಲು ಪಾಲು ಸಕ್ಕರೆ ಅಳೆದಿಡಿ. 750ಕ್ಕೆ 560 ಗ್ರಾಂ. ಇನ್ನು ಬೇಕಾದದ್ದು 2 ದೊಡ್ಡ ಚಮಚ ಲಿಂಬೆರಸ, 1 ದೊಡ್ಡ ಚಮಚ ತುಪ್ಪ ಅಥವಾ ಬೆಣ್ಣೆ, ಒಂದು ಚಿಟಿಕೆ ಉಪ್ಪು.

ಪಾತ್ರೆ ದಪ್ಪ ತಳದ್ದೂ ಅಗಲವಾದದ್ದೂ ಆಗಿರಲಿ, ಸ್ಟೀಲಿನದು ಅಥವಾ ನಾನ್‌ಸ್ಟಿಕ್. ಕಬ್ಬಿಣದ ಬಾಣಲೆಯಲ್ಲಿ ಹುಳಿ ತಾಗಿ ಪೆರಾಡ್ ಕಪ್ಪಾಗುತ್ತದೆ, ಕಲಾಯಿ ಹೋದ ಹಿತ್ತಾಳೆ ಪಾತ್ರೆಯಂತೂ ಮುಟ್ಟಲೇಬಾರದು. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ತಿರುಳನ್ನು ಸಕ್ಕರೆ ಹಾಕದೆ 10 ನಿಮಿಷ ಕಾಯಿಸಿ ನೀರು ಇಳಿಸಿ. ಸಕ್ಕರೆ ಉರಿಯ ಮೇಲಿರುವ ಹೊತ್ತು ಕಡಿಮೆಯಾದಷ್ಟೂ ಬಣ್ಣ ತಿಳಿಯಾಗಿರುತ್ತದೆ. ಆಮೇಲೆ ಸಕ್ಕರೆ, ಉಪ್ಪು, ಅರ್ಧ ಲಿಂಬೆರಸ ಹಾಕಿ ನಡು ಉರಿಯಲ್ಲಿ ತಳ ಮುಟ್ಟಿ ಮಗುಚುತ್ತಿರಿ. ಲಿಂಬೆಯ ಹುಳಿ ಒಂದಿಷ್ಟು ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಬೆರಕೆಯಿಂದಾಗಿ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ. ಲಿಂಬೆ ಮರೆತ ಪೆರಾಡ್ ವಾರದೊಳಗೆ ಹಲ್ಲಿಗೆ ಕರಕರ ಸಿಗುವುದು ಇದರಿಂದಲೇ.

ಅರ್ಧ ದಾರಿಯಲ್ಲಿ ಅದು ಸಿಡಿಯಲು ಶುರುಮಾಡುತ್ತದೆ. ಕೆಸರಿನಂತೆ ಪೊಳಕ್ ಪೊಳಕ್ ಅಂತ ಗುಳ್ಳೆ ಎದ್ದು ಒಡೆಯುತ್ತದೆ, ಸಿಡಿದದ್ದು ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಉದ್ದ ಹಿಡಿಯ ಮರದ ಸಟ್ಟುಗ ಹಿಡಿಯಿರಿ, ಕೈಗೆ ಬಟ್ಟೆ ಸುತ್ತಿಕೊಳ್ಳಿ, ಪಾತ್ರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತುಂಬಿರದಿರಲಿ. ಮಕ್ಕಳು ಆ ಹೊತ್ತಿಗೆ ಅಡುಗೆಮನೆಯ ಹೊರಗಿರಬೇಕು.

ಹದಕ್ಕೆ ಬಂದಾಗ ಸಿಡಿತ ತಗ್ಗಿ ಮೇಲ್ಮೈ ಹೊಳೆಯುತ್ತದೆ. ಸಟ್ಟುಗ ಎಳೆದರೆ ಪಾತ್ರೆಯ ತಳ ಕಾಣಿಸಿ ಮೂರು ನಾಲ್ಕು ಸೆಕೆಂಡ್ ಹಾಗೇ ಇರುತ್ತದೆ. ಇಡೀ ಮುದ್ದೆ ಅಂಚು ಬಿಟ್ಟು ಸಟ್ಟುಗದ ಹಿಂದೆ ಒಟ್ಟಿಗೆ ಸುತ್ತುತ್ತದೆ. ಆಗ ಉಳಿದ ಲಿಂಬೆರಸ, ತುಪ್ಪ ಸೇರಿಸಿ ಎರಡು ನಿಮಿಷ ಮಗುಚಿ ತಕ್ಕಡಿಗೆ ಇಡಿ. ತಿರುಳು ಸಕ್ಕರೆ ಸೇರಿ 1,300 ಗ್ರಾಂ ಇದ್ದದ್ದು ಪಾತ್ರೆಯ ತೂಕ ಕಳೆದು 800ರಿಂದ 850 ಗ್ರಾಂಗೆ ಇಳಿದಿರಬೇಕು. 900ರ ಮೇಲಿದ್ದರೆ ಮತ್ತೆ ಒಲೆಗೆ. ತಕ್ಕಡಿ ಇಲ್ಲದಿದ್ದರೆ ತಣ್ಣಗಿನ ತಟ್ಟೆಯ ಮೇಲೆ ಚಿಟಿಕೆಯಷ್ಟು ಹಾಕಿ, ಒಂದು ನಿಮಿಷ ಬಿಟ್ಟು ಉರುಟಿ ನೋಡಿ. ಬೆರಳಿಗೆ ಅಂಟದೆ ಗೋಲಿಯಾದರೆ ಸರಿ.

ತುಪ್ಪ ಸವರಿದ ತಟ್ಟೆಗೆ ಸುರಿದು ತಳಕ್ಕೆ ತುಪ್ಪ ಹಚ್ಚಿದ ಬಟ್ಟಲಿನಿಂದ ಒತ್ತಿ ಸಮ ಮಾಡಿ, ಒಂದೂವರೆ ಸೆಂ.ಮೀ. ದಪ್ಪ ಇರಲಿ. ತೆಳು ಬಟ್ಟೆ ಮುಚ್ಚಿ ರಾತ್ರಿಯೆಲ್ಲ ಹೊರಗೇ ಬಿಡಿ. ಮುಚ್ಚಳ ಹಾಕಿದರೆ ಬೆವರುತ್ತದೆ. ಮರುದಿನ ತುಪ್ಪ ಸವರಿದ ಚಾಕುವಿನಿಂದ ಕತ್ತರಿಸಿ, ತುಂಡುಗಳನ್ನು ಮಗುಚಿಟ್ಟು ಇನ್ನೊಂದು ದಿನ ಆರಿಸಿ. ಆಮೇಲೆ ಬಟರ್ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ತುಂಬಿ, ತಿಂಗಳವರೆಗೂ ಇರುತ್ತದೆ. ಮೆದುವಾಗಿ ಉಳಿದರೆ ಎರಡು ಚಮಚ ನೀರು ಹಾಕಿ ಕರಗಿಸಿ ಮತ್ತೆ ಕಾಯಿಸಬಹುದು. ರಬ್ಬರಿನಂತೆ ಎಳೆದಾಡುವಷ್ಟು ಕಾದದ್ದನ್ನು ಮಾತ್ರ ಪೂರ್ತಿ ಹದಕ್ಕೆ ತರಲಾಗದು. ಅದನ್ನು ಸಣ್ಣಗೆ ಹೆಚ್ಚಿ ಕೇಕಿಗೆ ಹಾಕಿ.

ತೆಂಗಿನಕಾಯಿ ಮಿಠಾಯಿ

ಪೆರಾಡಿನಲ್ಲಿ ಸಕ್ಕರೆ ಹರಳುಗಟ್ಟದಂತೆ ಕಾಯಬೇಕು. ಇಲ್ಲಿ ಹರಳುಗಟ್ಟಲೇಬೇಕು, ಆದರೆ ನುಣ್ಣಗೆ, ನೀವು ಹೇಳಿದ ಗಳಿಗೆಗೆ. ಹಾಗಾಗಿ ಇದಕ್ಕೆ ಲಿಂಬೆ ಬೇಡ.

ಬಿಳಿ ಕಾಯಿತುರಿ 250 ಗ್ರಾಂ, ಸಕ್ಕರೆ 250 ಗ್ರಾಂ, ಹಾಲು 100 ಮಿ.ಲೀ., ತುಪ್ಪ 1 ದೊಡ್ಡ ಚಮಚ, ಏಲಕ್ಕಿ ನಾಲ್ಕು. ತುರಿಯುವಾಗ ಚಿಪ್ಪಿನ ಕಂದು ಪದರದವರೆಗೆ ಹೋಗದೆ ನಿಲ್ಲಿಸಿ. ತುರಿಯನ್ನು ಮಿಕ್ಸಿಯಲ್ಲಿ ನೀರಿಲ್ಲದೆ ಒಂದೇ ಸುತ್ತು ತಿರುಗಿಸಿದರೆ ಎಳೆ ಒಂದೇ ಸಮವಾಗುತ್ತದೆ, ತುಂಡು ಮಾಡುವಾಗ ಅಂಚು ಉದುರುವುದಿಲ್ಲ. ಹೆಚ್ಚು ತಿರುಗಿಸಿದರೆ ಹಾಲು ಬಿಟ್ಟುಕೊಂಡು ಎಣ್ಣೆ ಜಿಡ್ಡಾಗುತ್ತದೆ.

ತಟ್ಟೆಗೆ ತುಪ್ಪ ಸವರಿಟ್ಟುಕೊಂಡೇ ಒಲೆ ಹಚ್ಚಿ, ಕೊನೆಯಲ್ಲಿ ಹುಡುಕಾಡಲು ಸಮಯವಿರುವುದಿಲ್ಲ. ಎಲ್ಲವನ್ನೂ (ತುಪ್ಪ, ಏಲಕ್ಕಿ ಬಿಟ್ಟು) ಒಟ್ಟಿಗೆ ಹಾಕಿ ನಡು ಉರಿಯಲ್ಲಿ ಮಗುಚಿ. ಮೊದಲು ನೀರಾಗುತ್ತದೆ, ಮತ್ತೆ ದಪ್ಪವಾಗುತ್ತದೆ, ಹತ್ತು ಹದಿನೈದು ನಿಮಿಷದ ಹೊತ್ತಿಗೆ ಬಿಳಿ ನೊರೆ ಎದ್ದು ಬಾಣಲೆಯ ಅಂಚಿನಲ್ಲಿ ಸಕ್ಕರೆ ಒಣಗಿದ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಕಂಡಾಗ ತುಪ್ಪ, ಏಲಕ್ಕಿ ಹಾಕಿ ಒಲೆ ಆರಿಸಿ. ಕೈ ಮಾತ್ರ ನಿಲ್ಲಿಸಬೇಡಿ. ಇಳಿಸಿದ ಮೇಲೆ ಸುಮಾರು ಒಂದು ನಿಮಿಷ ಜೋರಾಗಿ ಮಗುಚಿ, ಒದ್ದೆ ಹೊಳಪು ಮಾಸಿ ಮಂಕಾದ ಕ್ಷಣ ತಟ್ಟೆಗೆ ಸುರಿದು ಒತ್ತಿಬಿಡಿ. ಹೊಳಪಿರುವಾಗಲೇ ಸುರಿದರೆ ಸಂಜೆಯಾದರೂ ಅಂಟುತ್ತಿರುತ್ತದೆ. ಅರ್ಧ ನಿಮಿಷ ತಡವಾದರೆ ಬಾಣಲೆಯಲ್ಲೇ ಪುಡಿಪುಡಿ. ಎರಡಕ್ಕೂ ಮದ್ದಿದೆ: ಅಂಟಿದ್ದನ್ನು ಮತ್ತೆ ಎರಡು ನಿಮಿಷ ಕಾಯಿಸಿ, ಪುಡಿಯಾದದ್ದಕ್ಕೆ ಮೂರು ಚಮಚ ಹಾಲು ಚಿಮುಕಿಸಿ ಬಿಸಿಮಾಡಿ ಮತ್ತೆ ಒತ್ತಿ. ಕತ್ತರಿಸುವುದು 10 ನಿಮಿಷದ ನಂತರ, ಇನ್ನೂ ಉಗುರುಬೆಚ್ಚಗಿರುವಾಗ. ಹಸಿ ಕಾಯಿಯದಾದ್ದರಿಂದ ಹೊರಗೆ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡುವುದು ಬೇಡ.

ಮಾರ್ಜಿಪಾನ್

ಯುರೋಪಿನಲ್ಲಿ ಇದು ಬಾದಾಮಿಯದು. ಕರಾವಳಿಯವರು ಗೋಡಂಬಿಯಲ್ಲಿ ಮಾಡುತ್ತಾರೆ, ಅದೂ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದೇ. 250 ಗ್ರಾಂ ಗೋಡಂಬಿಗೆ ಅಷ್ಟೇ ಸಕ್ಕರೆ, ಒಂದು ಮೊಟ್ಟೆಯ ಬಿಳಿ, 2 ದೊಡ್ಡ ಚಮಚ ಗುಲಾಬಿ ನೀರು, ಕಾಲು ಚಮಚ ಬಾದಾಮಿ ಎಸೆನ್ಸ್. ತುಂಡು ಗೋಡಂಬಿ ಸಾಕು, ಇಡಿಯದಕ್ಕೆ ದುಡ್ಡು ಸುರಿಯಬೇಡಿ.

ಗೋಡಂಬಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಅರ್ಧ ಸಕ್ಕರೆಯ ಜೊತೆಗೇ ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಎಣ್ಣೆ ಬಿಡುತ್ತದೆ, ಆಮೇಲೆ ಎಷ್ಟು ನಾದಿದರೂ ಮುದ್ದೆ ಕೂಡಿಕೊಳ್ಳುವುದಿಲ್ಲ. ಪುಡಿ ಜರಡಿ ಹಿಡಿದು, ಉಳಿದ ಸಕ್ಕರೆ, ಮೊಟ್ಟೆಯ ಬಿಳಿ, ಗುಲಾಬಿ ನೀರು ಸೇರಿಸಿ ತಣ್ಣಗಿರುವಾಗಲೇ ಚೆನ್ನಾಗಿ ಕಲಸಿ. ಬಿಸಿ ಬಾಣಲೆಗೆ ಮೊಟ್ಟೆ ಹಾಕಿದರೆ ಅದು ಬೆಂದು ಎಳೆ ಎಳೆಯಾಗಿ ಕಾಣುತ್ತದೆ. ಸಣ್ಣ ಉರಿಯಲ್ಲಿ ಮಗುಚುತ್ತಾ ಮುದ್ದೆ ಅಂಚು ಬಿಟ್ಟ ಕೂಡಲೇ ಇಳಿಸಿ, ಎಸೆನ್ಸ್ ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಐದು ನಿಮಿಷ ನಾದಿ. ಚಪಾತಿ ಹಿಟ್ಟಿನ ಮೃದುತ್ವ ಬರಬೇಕು. ಬಿರುಕು ಬಿಟ್ಟರೆ ಗುಲಾಬಿ ನೀರಿನಲ್ಲಿ ಅಂಗೈ ಒದ್ದೆ ಮಾಡಿಕೊಂಡು ನಾದಿ, ಅಂಟಿದರೆ ಸಕ್ಕರೆ ಪುಡಿ ಉದುರಿಸಿ. ಬಣ್ಣ ಬೆರೆಸಿ ಅಚ್ಚಿಗೆ ಒತ್ತಿ ತೆಗೆದು, ಬಟರ್ ಪೇಪರಿನ ಮೇಲೆ ಒಂದು ದಿನ ಆರಿಸಿ. ಮೊಟ್ಟೆ ತಿನ್ನದವರು ಒಂದೆಳೆ ಪಾಕಕ್ಕೆ ಗೋಡಂಬಿ ಪುಡಿ ಹಾಕಿಯೂ ಮಾಡಬಹುದು, ಆದರೆ ಅದು ಕಾಜು ಕತ್ಲಿಯ ಕಡೆಗೇ ವಾಲುತ್ತದೆ.

ಯಾವುದನ್ನು ಎಂದು ಮಾಡಬೇಕು?

ಪೆರಾಡನ್ನು ಡಿಸೆಂಬರ್ ಎರಡನೇ ವಾರದಲ್ಲಿ, ಮಾರ್ಜಿಪಾನನ್ನು 19 ಅಥವಾ 20ಕ್ಕೆ, ಕಾಯಿ ಮಿಠಾಯಿಯನ್ನು 23ಕ್ಕೆ ಮಾಡಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿದು ಮಳೆ ಹನಿಯುವ ದಿನ ಬಂದರೆ ಮುಂದಕ್ಕೆ ಹಾಕಿ. ಸಕ್ಕರೆ ಗಾಳಿಯ ತೇವ ಹೀರುತ್ತದೆ, ಆರಿಸಲು ಇಟ್ಟದ್ದು ಇನ್ನಷ್ಟು ಅಂಟುತ್ತದೆ. ತಟ್ಟೆಗೆ ಜೋಡಿಸುವಾಗ ಪೆರಾಡಿನ ಪಕ್ಕ ಗರಿಗರಿಯಾದ ಕಿಡಿಯೊ, ಚಕ್ಕುಲಿ ಇಡಬೇಡಿ, ಅದರ ತೇವಕ್ಕೆ ಮೆತ್ತಗಾಗುತ್ತವೆ. ನಡುವೆ ಬಟರ್ ಪೇಪರ್ ಅಡ್ಡ ಕೊಟ್ಟು, ಹಂಚಲು ಹೊರಡುವ ಸ್ವಲ್ಪ ಮೊದಲಷ್ಟೇ ತಟ್ಟೆ ತುಂಬಿಸಿ.