ಮೊದಲು ಡ್ರೈನ್, ಆಮೇಲೆ ರೀಬೂಟ್

ದಾವಣಗೆರೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ 12 ನೋಡ್‌ಗಳ, ಅಂದರೆ ಒಟ್ಟಾಗಿ ಲೆಕ್ಕ ಮಾಡುವ 12 ಕಂಪ್ಯೂಟರ್‌ಗಳ ಸಣ್ಣ ಕ್ಲಸ್ಟರ್ ನೋಡಿಕೊಳ್ಳುತ್ತೇನೆ. ಬಳಸುವವರು ಕೊಡುವ ಲೆಕ್ಕಗಳನ್ನು, ಅಂದರೆ ಜಾಬ್‌ಗಳನ್ನು ನೋಡ್‌ಗಳಿಗೆ ಹಂಚುವುದು ಸ್ಲರ್ಮ್ ಎಂಬ ಸಾಫ್ಟ್‌ವೇರ್. ಸರ್ವರ್ ರೂಮಿಗೆ ಹೋಗುವುದು ಅಪರೂಪ, ಜಾಸ್ತಿ ಕೆಲಸ ಟರ್ಮಿನಲ್‌ನಲ್ಲೇ.

ಬೆಳಿಗ್ಗೆ ಮೊದಲು ನೋಡ್‌ಗಳ ಸ್ಥಿತಿ ತೋರಿಸುವ ‘ಎಸ್‌ಇನ್ಫೋ’ ಕಮಾಂಡ್ ಹೊಡೆಯುತ್ತೇನೆ. ಐಡಲ್ (ಖಾಲಿ), ಮಿಕ್ಸ್ (ಸ್ವಲ್ಪ ಬಳಕೆಯಲ್ಲಿದೆ), ಅಲಾಕ್ (ಪೂರ್ತಿ ಬಳಕೆಯಲ್ಲಿದೆ) ಅಂತ ಇದ್ದರೆ ನಿರಾಳ. ಪಕ್ಕದಲ್ಲಿ ಸ್ಟಾರ್ ಗುರುತು ಬಿದ್ದಿದ್ದರೆ ಆ ನೋಡ್ ಉತ್ತರ ಕೊಡುತ್ತಿಲ್ಲ ಎಂದರ್ಥ.

ಏಪ್ರಿಲ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ವಾ? ಆ ದಿನಗಳಲ್ಲಿ ಒಂದು ನೋಡ್‌ನ ಫ್ಯಾನ್ ಕೈಕೊಟ್ಟರೂ ಸಾಕು, ರೀಬೂಟ್ ಮಾಡಿಬಿಡೋಣ ಅನ್ನಿಸುತ್ತದೆ. ಆದರೆ ಅದರಲ್ಲಿ ಯಾರದೋ ಪಿಎಚ್‌ಡಿ ಲೆಕ್ಕ ದಿನಗಟ್ಟಲೆ ಓಡುತ್ತಿರಬಹುದು. ಹಾಗಾಗಿ ‘ಎಸ್‌ಕ್ಯೂ’ನಲ್ಲಿ ಆ ನೋಡ್‌ನ ಹೆಸರು ಕೊಟ್ಟು ಯಾರ ಜಾಬ್ ಇದೆ ಅಂತ ನೋಡುತ್ತೇನೆ. ಆಮೇಲೆ ‘ಎಸ್‌ಕಂಟ್ರೋಲ್ ಅಪ್‌ಡೇಟ್’ನಿಂದ ಅದರ ಸ್ಟೇಟನ್ನು ಡ್ರೈನ್ ಮಾಡುತ್ತೇನೆ. ಓಡುತ್ತಿರುವ ಜಾಬ್ ಮುಗಿಯುವ ತನಕ ಓಡುತ್ತದೆ, ಹೊಸದು ಬರುವುದಿಲ್ಲ. ಡೌನ್ ಅಂತ ಕೊಟ್ಟರೆ ಓಡುತ್ತಿದ್ದ ಜಾಬೂ ಅಲ್ಲೇ ಸಾಯುತ್ತದೆ. ಇವೆರಡರ ವ್ಯತ್ಯಾಸವನ್ನು ಲ್ಯಾಬಿಗೆ ಬರುವ ಪ್ರತಿ ಹೊಸಬರಿಗೂ ನಾನು ಕೂರಿಸಿ ತೋರಿಸುತ್ತೇನೆ.

ಡ್ರೈನ್ ಮಾಡುವಾಗ ಸ್ಲರ್ಮ್ ಕಾರಣ ಕೇಳುತ್ತದೆ. ಸುಮ್ನೆ ‘ಪ್ರಾಬ್ಲಮ್’ ಅಂತ ಬರೆಯಬೇಡಿ. ‘ಎಸ್‌ಇನ್ಫೋ’ಗೆ ದೊಡ್ಡ ಆರ್ ಸೇರಿಸಿದರೆ ಕಾರಣ, ಬರೆದವರ ಹೆಸರು, ಸಮಯ ಎಲ್ಲ ಬರುತ್ತದೆ, ಆದರೆ ಕಾರಣದ ಮೊದಲ 20 ಅಕ್ಷರ ಮಾತ್ರ ಕಾಣುತ್ತದೆ. ಅದಕ್ಕೇ ನಾನು ‘ಫ್ಯಾನ್ 2 ನಿಂತಿದೆ’ ಎಂಬ ಮುಖ್ಯ ಮಾತನ್ನು ಮೊದಲು ಇಂಗ್ಲಿಷಿನಲ್ಲಿ ಹಾಕುತ್ತೇನೆ, ಉಳಿದದ್ದು ಆಮೇಲೆ. ನಾನು ರಜೆಯಲ್ಲಿದ್ದರೂ ಬೇರೆಯವರಿಗೆ ಎಲ್ಲಿ ಕೈಹಾಕಬೇಕೆಂದು ತಿಳಿಯಬೇಕು.

ಕರೆಂಟ್ ಹೋಗಿ ಬಂದಾಗಿನ ಕಥೆ ಬೇರೆ. ಯುಪಿಎಸ್ ಕೈಬಿಟ್ಟಿದ್ದರೆ ನೋಡ್‌ಗಳು ಎದ್ದು ಬಂದರೂ ಡೌನ್ ಅಂತಲೇ ಇರುತ್ತವೆ. ಸ್ಲರ್ಮ್‌ನ ‘ರಿಟರ್ನ್ ಟು ಸರ್ವಿಸ್’ ಸೆಟ್ಟಿಂಗ್ ಸೊನ್ನೆ ಇದ್ದರೆ ಹಾಗೇ. ತಾವಾಗಿಯೇ ಸೇರಿಕೊಳ್ಳಲಿ ಅಂತ 2 ಇಡುವವರಿದ್ದಾರೆ. ನಾನು ಸೊನ್ನೆಯನ್ನೇ ಇಟ್ಟಿದ್ದೇನೆ, ಒಮ್ಮೆ ಕಣ್ಣಾಡಿಸದೆ ಜಾಬ್ ಬಿಡಲು ನನಗೆ ಇಷ್ಟವಿಲ್ಲ.

ಆಗ ಮೊದಲು ನೋಡುವುದು ಗಡಿಯಾರ. ಒಂದೇ ಕಮಾಂಡನ್ನು ಹಲವು ನೋಡ್‌ಗಳಿಗೆ ಒಟ್ಟಿಗೆ ಕಳಿಸುವ ‘ಪಿಡಿಎಸ್‌ಎಚ್’ ಮೂಲಕ ಎಲ್ಲ ನೋಡ್‌ಗಳನ್ನೂ ಗಂಟೆ, ನಿಮಿಷ ಮಾತ್ರ ಕೇಳಿ, ಉತ್ತರವನ್ನು ಜೋಡಿಸಿ ತೋರಿಸುವ ‘ಡಿಎಸ್‌ಎಚ್‌ಬ್ಯಾಕ್’ಗೆ ಸಿ ಸೇರಿಸಿ ಕೊಡುತ್ತೇನೆ. ಒಂದೇ ಉತ್ತರ ಕೊಟ್ಟವೆಲ್ಲ ಒಂದೇ ಗುಂಪಾಗುತ್ತವೆ, ತಪ್ಪು ಸಮಯ ಹೇಳಿದ್ದು ಬೇರೆಯಾಗಿ ಎದ್ದು ಕಾಣುತ್ತದೆ. ಹಳೆಯ ಮದರ್‌ಬೋರ್ಡ್‌ನ ಸೆಲ್ ಸತ್ತಿದ್ದರೆ ಸಮಯ ಎಲ್ಲೋ ಹೋಗಿರುತ್ತದೆ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಸ್ಲರ್ಮ್‌ಗಾಗಿ ಗುರುತು ಪರೀಕ್ಷಿಸುವ ಮಂಜ್ ಎಂಬ ಸಾಫ್ಟ್‌ವೇರ್ ಆ ನೋಡ್‌ನ ಗುರುತಿನ ಚೀಟಿಯನ್ನೇ ಒಪ್ಪುವುದಿಲ್ಲ. ನೆಟ್‌ವರ್ಕ್ ಸರಿ ಇದೆ, ಪಿಂಗ್ ಆಗುತ್ತದೆ, ಆದರೂ ನೋಡ್ ಸೇರುವುದಿಲ್ಲ!

ಸೆಲ್ ಬದಲಿಸಿ, ಗಡಿಯಾರ ಹೊಂದಿಸುವ ಕ್ರೋನಿ ಎಂಬ ಸಾಫ್ಟ್‌ವೇರ್ ಸಮಯ ಸರಿಮಾಡಿದೆ ಎಂದು ಖಚಿತವಾದ ಮೇಲೆ ಸ್ಟೇಟ್ ರೆಸ್ಯೂಮ್ ಕೊಡುತ್ತೇನೆ. ಕಾಯುತ್ತಿದ್ದ ಜಾಬ್‌ಗಳು ಆಗ ತಾವಾಗಿಯೇ ಹತ್ತಿಕೊಳ್ಳುತ್ತವೆ.